ಚೀನಾ: ನಗರ ಭೂವ್ಯಾಜ್ಯ ಮತ್ತು ನ್ಯಾಯಾಲಯ

ಚೀನಾದ 1982ರ ಸಂವಿಧಾನದ 10ನೇ ವಿಧಿಯಂತೆ ನಗರದ ಭೂಮಿಯೆಲ್ಲ ಸರ್ಕಾರದ್ದು. 1988ರ ತಿದ್ದುಪಡಿ ಬಳಕೆಯ ಹಕ್ಕನ್ನಷ್ಟೇ ವರ್ಗಾಯಿಸಲು ಬಿಟ್ಟಿತು; ವಸತಿಗೆ ಗರಿಷ್ಠ ಅವಧಿ 70 ವರ್ಷ. ಹಾಗಾಗಿ ವ್ಯಾಜ್ಯಗಳು ಹೆಚ್ಚಾಗಿ ತೆರವು, ಪರಿಹಾರಗಳ ಸುತ್ತಲೇ. 1990ರ ಅಕ್ಟೋಬರ್ 1ರಿಂದ ಜಾರಿಯಾದ ಆಡಳಿತ ದಾವೆ ಕಾನೂನು ಸರ್ಕಾರಿ ಆದೇಶವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ದಾರಿ ತೆರೆಯಿತು. ಆದರೆ ನ್ಯಾಯಾಲಯಗಳ ಹಣಕಾಸು ಸ್ಥಳೀಯ ಸರ್ಕಾರದ ಕೈಯಲ್ಲಿತ್ತು. ಎಷ್ಟೋ ಅರ್ಜಿಗಳು ದಾಖಲಾಗದೆ ಮರಳಿದವು. ಮನೆ ಕಳೆದುಕೊಂಡವರಿಗೆ ಇದು ಎರಡನೇ ಪೆಟ್ಟು.

ನಗರದ ಕಟ್ಟಡಗಳನ್ನು ಸರ್ಕಾರ ವಶಪಡಿಸಿಕೊಳ್ಳುವ ಬಗೆಗಿನ 2011ರ ಸ್ವಾಧೀನ ನಿಯಮಾವಳಿಯನ್ನು ಚೆನ್ನಾಗಿ ಓದಿಕೊಳ್ಳಿ. ಬಲವಂತದ ತೆರವಿಗೆ ಸರ್ಕಾರವೇ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಕಟ್ಟಡದ ಪರಿಹಾರ ಮಾರುಕಟ್ಟೆ ಬೆಲೆಗಿಂತ ಕಡಿಮೆ ಇರಕೂಡದು. 2015ರಿಂದ, ಷರತ್ತು ಪೂರೈಸಿದ ದಾವೆಯನ್ನು ನ್ಯಾಯಾಲಯ ನೋಂದಾಯಿಸಲೇಬೇಕು. ಭೂಮಿಯ ಬಳಕೆಯ ಹಕ್ಕಿನ ನಿಯಮಗಳಿದ್ದ 2007ರ ಆಸ್ತಿ ಕಾನೂನು 2021ರಲ್ಲಿ ನಾಗರಿಕ ಸಂಹಿತೆಯೊಳಗೆ ಸೇರಿತು.