ಮೊದಲ ಚರ್ಮದ ಕೆಲಸ: ಯಾರಿಗೆ ತೋರಿಸೋದು, ಏನು ಕೇಳೋದು?

ಕೈಯಾರೆ ಹೊಲಿದ ಚರ್ಮದ ಕಾರ್ಡ್ ಹೋಲ್ಡರನ್ನು ಹಾಸ್ಟೆಲ್‌ನಲ್ಲಿ ತೋರಿಸಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡೇ. ಒಂದು ‘ಸೂಪರ್ ಮಗಾ!’, ಇನ್ನೊಂದು ‘ಇದನ್ನ ಅಂಗಡೀಲೇ ತಗೋಬಹುದಿತ್ತಲ್ಲ?’ ಇವೆರಡರಲ್ಲಿ ಯಾವುದನ್ನು ನಂಬಿದರೂ ನಿಮ್ಮ ಎರಡನೇ ಹೋಲ್ಡರ್ ಸುಧಾರಿಸಲ್ಲ. ‘ಹೇಗಿದೆ?’ ಅಂತ ಕೇಳಿದರೆ ಅಷ್ಟೇ ಉತ್ತರ ಬರೋದು. ಹಾಗಾದರೆ ಕೇಳೋದು ಹೇಗೆ?

1. ಅಳತೆ ನೀವೇ ನೋಡಿ

ಸ್ಕೇಲ್ ಹೇಳುವುದನ್ನು ಇನ್ನೊಬ್ಬರ ಬಾಯಲ್ಲಿ ಕೇಳಬೇಕಿಲ್ಲ. ಎಟಿಎಂ ಕಾರ್ಡಿನ ಉದ್ದ 85.6 ಮಿ.ಮೀ., ಅಗಲ ಸುಮಾರು 54 ಮಿ.ಮೀ. ಚರ್ಮವನ್ನು 92 ಮಿ.ಮೀ. ಕತ್ತರಿಸಿ, ಎರಡೂ ಪಕ್ಕ ಅಂಚಿನಿಂದ 4 ಮಿ.ಮೀ. ಒಳಗೆ ಹೊಲಿದರೆ ಉಳಿಯೋದು 84. ಕಾರ್ಡ್ ಒಳಗೆ ಹೋಗೋದೇ ಇಲ್ಲ! 100 ಮಿ.ಮೀ. ತಗೊಂಡರೆ 92 ಉಳಿಯುತ್ತೆ, ಆರಾಮಾಗಿ ಕೂರುತ್ತೆ. ಚರ್ಮಕ್ಕೆ ಕತ್ತಿ ಹಾಕುವ ಮೊದಲು ರಟ್ಟಿನಲ್ಲಿ ಒಂದು ಮಾಡಿ ನೋಡಿ.

2. ಹಿಂಬದಿ ತೋರಿಸಿ

ಮುಂಬದಿ ಎಲ್ಲರದ್ದೂ ಚೆನ್ನಾಗಿರುತ್ತೆ, ಯಾಕಂದ್ರೆ ಹೊಲಿಯುವಾಗ ಕಣ್ಣಿರೋದು ಅಲ್ಲೇ. ಸ್ಯಾಡಲ್ ಸ್ಟಿಚ್‌ನಲ್ಲಿ ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಪ್ರತಿ ತೂತಿನಲ್ಲೂ ಎರಡೂ ಸೂಜಿ ಹಾಯುತ್ತವೆ. ಹಾಗಾಗಿ ಒಂದು ಕಡೆ ದಾರ ಸವೆದು ಕಡಿದರೂ ಇನ್ನೊಂದು ಹಿಡಿದಿರುತ್ತೆ. ಹಿಂಬದಿಯ ಸಾಲು ಹಾವಿನಂತೆ ಓಡಿದ್ದರೆ ತೂತು ಹಾಕುವಾಗ ಮೊನೆ ನೇರವಾಗಿ ನಿಂತಿಲ್ಲ ಅಂತ ಅರ್ಥ. ಹೊಲಿಗೆಯ ಓರೆ ಮಧ್ಯೆ ಮಧ್ಯೆ ಬದಲಾದರೆ ಸೂಜಿಗಳ ಕ್ರಮ ತಪ್ಪಿದೆ. ‘ಹೊಲಿಗೆ ಹೇಗಿದೆ?’ ಅನ್ನೋದು ಬಿಟ್ಟು ‘ಹಿಂಬದಿ ಸಾಲು ಇಲ್ಲಿ ಯಾಕೆ ಓಡಿದೆ?’ ಅಂತ ಕೇಳಿ.

3. ಯಾವ ಚರ್ಮ ಅಂತ ಹೇಳಿ

‘ಅಂಚು ಹೊಳೀತಿಲ್ಲ’ ಅಂದರೆ ಉತ್ತರ ಹೇಳೋದು ಕಷ್ಟ. ಮರದ ತೊಗಟೆಯಂಥ ಸಸ್ಯಮೂಲದಿಂದ ಹದ ಮಾಡಿದ ಚರ್ಮದ ಅಂಚನ್ನು ತುಸು ಒದ್ದೆ ಮಾಡಿ, ನುಣುಪಾದ ಮರದಿಂದ ಉಜ್ಜಿದರೆ ನಾರುಗಳು ಒತ್ತಿಕೊಂಡು ಹೊಳಪು ಬರುತ್ತೆ. ಕ್ರೋಮ್ ಹದದ ಮೆತ್ತನೆ ಚರ್ಮದಲ್ಲಿ ಎಷ್ಟು ಉಜ್ಜಿದರೂ ಹಾಗಾಗೋದು ಕಷ್ಟ. ಅದಕ್ಕೆ ಅಂಚು ಮಡಚಿ ಹೊಲಿಯಬೇಕು, ಇಲ್ಲವೇ ಬಣ್ಣ ಹಚ್ಚಬೇಕು. ಅಲ್ಲಿ ಕೈಯಲ್ಲಿ ದೋಷವಿಲ್ಲ, ಸಾಮಗ್ರಿ ಬೇರೆ ಅಷ್ಟೆ.

4. ರಿಪೇರಿ ಮಾಡುವವರನ್ನು ಕೇಳಿ

ಕಾಲೇಜಿನ ಹತ್ತಿರ ಚಪ್ಪಲಿ, ಬ್ಯಾಗ್ ಹೊಲಿಯುವವರು ದಿನವೂ ನೋಡೋದು ಕಿತ್ತುಹೋದ ವಸ್ತುಗಳನ್ನೇ. ನಾವು ‘ಫೇಲ್ಯೂರ್ ಅನಾಲಿಸಿಸ್’ ಅಂತ ಓದುವುದು ಅವರ ಕೈಬೆರಳಲ್ಲಿದೆ. ಗಿರಾಕಿ ಇಲ್ಲದ ಹೊತ್ತು ನೋಡಿ ಹೋಗಿ, ‘ಅಣ್ಣಾ, ಇದು ಮೊದಲು ಎಲ್ಲಿ ಕಿತ್ತು ಹೋಗುತ್ತೆ?’ ಅಂತ ಕೇಳಿ. ಬಾಯಿಯ ಮೂಲೆ ತೋರಿಸಿ, ಅಲ್ಲಿ ಎರಡು ಸಲ ಹೊಲಿ ಅಂದಾರು. ಅವರ ಸಮಯಕ್ಕೆ ದುಡ್ಡು ಕೊಡಿ.

ಇದರಲ್ಲಿ ಮರ್ಯಾದೆಯ ಪ್ರಶ್ನೆಯೂ ಇದೆ. ಚರ್ಮದ ಕೆಲಸ ಮಾಡಿದವರನ್ನು ಜಾತಿಯ ಹೆಸರಲ್ಲಿ ಊರಾಚೆ ಇಟ್ಟ ಸಮಾಜ ನಮ್ಮದು. ಅದೇ ಕೆಲಸ ನಮಗೆ ವಾರಾಂತ್ಯದ ಹವ್ಯಾಸ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಯಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳ ಕುಶಲಕರ್ಮಿಗಳ ಪಾಲೂ ಇದೆ. ಅವರ ಮುಂದೆ ನಾವು ಹೋಗೋದು ವಿದ್ಯಾರ್ಥಿಗಳಾಗಿ.

5. ಕೇಳಿಸಿಕೊಳ್ಳಿ, ಬರೆದುಕೊಳ್ಳಿ

‘ಅದು ಹಾಗಲ್ಲ, ಬ್ಲೇಡ್ ಮೊಂಡಾಗಿತ್ತು’ ಅಂತ ವಾದಕ್ಕೆ ಇಳಿಯಬೇಡಿ. ಐದು ತಪ್ಪು ಹೇಳಿದರೆ ಐದನ್ನೂ ಬರೆದುಕೊಂಡು ಒಂದನ್ನು ಆರಿಸಿಕೊಳ್ಳಿ. ಲ್ಯಾಬ್‌ನಲ್ಲಿ ಒಂದು ಸಲಕ್ಕೆ ಒಂದೇ ವೇರಿಯಬಲ್ ಬದಲಾಯಿಸುವ ಹಾಗೆ, ಅದೇ ಅಳತೆ, ಅದೇ ಚರ್ಮದಲ್ಲಿ ಆ ಒಂದನ್ನಷ್ಟೇ ತಿದ್ದಿ ಇನ್ನೊಂದು ಮಾಡಿ.

ಅಭ್ಯಾಸ: ನಿಮ್ಮ ಮೊದಲ ವಸ್ತುವಿನ ಬಗ್ಗೆ ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಅಂತ ಉತ್ತರಿಸಲಾಗದ ಮೂರು ಪ್ರಶ್ನೆ ಬರೆಯಿರಿ. ಆಮೇಲೆ ಮೊದಲನೆಯದನ್ನೂ ಎರಡನೆಯದನ್ನೂ ಮೇಜಿನ ಮೇಲೆ ಮಗುಚಿ ಪಕ್ಕಪಕ್ಕ ಇಡಿ. ಎಷ್ಟು ಕಲಿತಿದ್ದೀರಿ ಅಂತ ಹಿಂಬದಿಯೇ ಹೇಳುತ್ತೆ.