ಹಿತ್ತಲ ಕೋಣೆ ಬೆಚ್ಚಗಿರಲಿ

ಮಾಗಿಯ ಚಳಿ ಬಂತು. ಮಲೆನಾಡು, ಕೊಡಗಿನಲ್ಲಿ ಸಂಜೆ ಆರಕ್ಕೇ ಮೈ ನಡುಗುತ್ತದೆ. ಬೀದರ, ವಿಜಯಪುರದ ಕಡೆ ಹಗಲು ಬಿಸಿಲು, ರಾತ್ರಿ ಕೊರೆಯುವ ಚಳಿ. ಡಿಸೆಂಬರ್, ಜನವರಿ ಎರಡು ತಿಂಗಳು ಹೀಗೇ.

ನಮ್ಮ ಮನೆ ಚಿಕ್ಕದು. ಜನ ಹೆಚ್ಚು. ಅದಕ್ಕೇ ಹಿತ್ತಲಲ್ಲಿ ಒಂದು ಬೇರೆ ಕೋಣೆ. ಮೊದಲು ಅದು ಸೌದೆ ಒಟ್ಟುವ ಜಾಗ, ಇಲ್ಲವೇ ಕರು ಕಟ್ಟುವ ಕೊಟ್ಟಿಗೆ. ಈಗ ನೆಲ ಸಾರಿಸಿ, ಬಾಗಿಲು ಇಟ್ಟು, ಕೋಣೆ ಮಾಡಿಕೊಂಡಿದ್ದೇವೆ. ಓದುವ ಮಗ ಅಲ್ಲಿ ಮಲಗುತ್ತಾನೆ. ವಯಸ್ಸಾದ ಅತ್ತೆ ಅಲ್ಲಿ ಮಲಗುತ್ತಾರೆ. ಬಾಣಂತನಕ್ಕೆ ಬಂದ ಮಗಳಿಗೂ ಅದೇ ಕೋಣೆ. ಮೈಲಿಗೆ ಅಂತ ಬಾಣಂತಿಯನ್ನ ಹೊರಗಿನ ಕೋಣೆಗೆ ಹಾಕೋರೂ ಇದ್ದಾರೆ. ಚಳಿಗಾಲದಲ್ಲಿ ತಾಯಿ ಮಗುವಿಗೆ ಒಳಮನೆಯೇ ಸರಿ ಅಂತ ನಾವು ಹೇಳ್ತೀವಿ. ಒಳಗೆ ಜಾಗವೇ ಇಲ್ಲ ಅಂದಾಗ ಏನು ಮಾಡೋದು? ಹಿತ್ತಲ ಕೋಣೆಯನ್ನೇ ಬೆಚ್ಚಗೆ ಮಾಡಬೇಕು.

ಹಿತ್ತಲ ಕೋಣೆಗೆ ಚಳಿ ಯಾಕೆ ಹೆಚ್ಚು? ನೋಡಿ, ಮನೆಯ ನಡುಕೋಣೆಗೆ ಆ ಕಡೆ ಅಡುಗೆಮನೆ, ಈ ಕಡೆ ಪಡಸಾಲೆ. ಅಕ್ಕಪಕ್ಕದ ಕಾವು ಅದಕ್ಕೆ ಸಿಗುತ್ತದೆ. ಹಿತ್ತಲ ಕೋಣೆ ಒಂಟಿ. ನಾಲ್ಕೂ ಗೋಡೆಗೆ ಗಾಳಿ ಬಡಿಯುತ್ತದೆ. ಮೇಲೆ ಹೆಂಚು ಇಲ್ಲವೇ ತಗಡು. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ. ಹೆಂಚಿನ ಸಂದಿಯಲ್ಲಿ ಹೊರಗೆ ಓಡುತ್ತದೆ. ಬಾಗಿಲ ಕೆಳಗಿಂದ ತಣ್ಣನೆ ಗಾಳಿ ಒಳಗೆ ನುಗ್ಗುತ್ತದೆ. ತೂತು ಬಿದ್ದ ಕೊಡಕ್ಕೆ ನೀರು ಹಾಕಿದ ಹಾಗೆ. ಎಷ್ಟು ಕಾವು ಕೊಟ್ಟರೂ ನಿಲ್ಲೋದಿಲ್ಲ.

ಆಗ ನಾವು ಏನು ಮಾಡ್ತೀವಿ? ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹಾಕಿ ಕೆಂಡ ಮಾಡ್ತೀವಿ. ಬಾಣಂತಿಯ ಮಂಚದ ಕೆಳಗೆ ಇಡ್ತೀವಿ. ಬಾಗಿಲು ಕಿಟಕಿ ಬಿಗಿಯಾಗಿ ಮುಚ್ತೀವಿ. ಹೊಗೆ ಇಲ್ಲವಲ್ಲ, ಏನೂ ಆಗಲ್ಲ ಅಂತೀವಿ.

ಇಲ್ಲೇ ಇರೋದು ಅಪಾಯ. ಹೊಗೆ ಇದ್ದರೆ ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ, ನಾವು ಎದ್ದು ಬಾಗಿಲು ತೆಗೀತೀವಿ. ಕೆಂಡದಿಂದ ಹೊಗೆ ಇಲ್ಲದ ಒಂದು ವಿಷಗಾಳಿ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದರ ಹೆಸರು ಕಾರ್ಬನ್ ಮಾನಾಕ್ಸೈಡ್. ಹೆಸರು ಉದ್ದ. ಅಕ್ಷರ ಕೂಡಿಸಿ ನಿಧಾನಕ್ಕೆ ಓದಿ: ಕಾ-ರ್ಬ-ನ್ ಮಾ-ನಾ-ಕ್ಸೈ-ಡ್.

ಈ ಗಾಳಿ ಮಾಡೋದೇನು? ನಮ್ಮ ರಕ್ತ ಮೈಗೆಲ್ಲ ಪ್ರಾಣವಾಯುವನ್ನು ಹೊತ್ತು ತಿರುಗುತ್ತದೆ. ವಿಷಗಾಳಿ ಬಂದು ಪ್ರಾಣವಾಯುವಿನ ಜಾಗದಲ್ಲಿ ಕೂತುಬಿಡುತ್ತದೆ. ಬಸ್ಸಿನಲ್ಲಿ ನಮ್ಮ ಸೀಟಲ್ಲಿ ಬೇರೆಯವರು ಕೂತ ಹಾಗೆ. ಪ್ರಾಣವಾಯುವಿಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದು ರಕ್ತಕ್ಕೆ ಅಂಟಿಕೊಳ್ಳುತ್ತದೆ. ಬೇಗ ಏಳೋದಿಲ್ಲ. ಮೊದಲು ತಲೆನೋವು. ಆಮೇಲೆ ತಲೆ ಸುತ್ತು, ವಾಂತಿ, ಮಂಪರು. ನಿದ್ದೆಯಲ್ಲಿ ಇದ್ದವರಿಗೆ ಇದು ಯಾವುದೂ ಗೊತ್ತಾಗೋದಿಲ್ಲ. ಮಲಗಿದವರು ಮಲಗಿದಲ್ಲೇ ಸಾಯುತ್ತಾರೆ. ಚಳಿಗಾಲ ಬಂತು ಅಂದರೆ ಇಂಥ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ.

ಕೆಲವರು ಕೆಂಡದ ಪಕ್ಕ ಒಂದು ಬೋಗುಣಿ ನೀರು ಇಡುತ್ತಾರೆ. ನೀರು ವಿಷ ಎಳೆದುಕೊಳ್ಳುತ್ತದೆ ಅಂತ ನಂಬಿಕೆ. ಅದು ಸುಳ್ಳು. ನೀರು ಆ ಗಾಳಿಯನ್ನು ಹಿಡಿಯೋದಿಲ್ಲ. ಕೆಂಡದ ಮೇಲೆ ಬೂದಿ ಮುಚ್ಚಿದರೂ ವಿಷಗಾಳಿ ನಿಲ್ಲೋದಿಲ್ಲ.

ಹಾಗಾದರೆ ಬೆಂಕಿ ಕಾಸಲೇಬಾರದೇ? ಕಾಸಬಹುದು. ಅಂಗಳದಲ್ಲಿ ಕಾಸಿ. ಕೋಣೆಯೊಳಗೇ ಬೇಕು ಅಂದರೆ, ಬಾಗಿಲು ಕಿಟಕಿ ತೆರೆದಿಡಿ, ಎಚ್ಚರವಾಗಿದ್ದು ಸ್ವಲ್ಪ ಹೊತ್ತು ಕಾಸಿ. ಮಲಗೋ ಮುಂಚೆ ಅಗ್ಗಿಷ್ಟಿಕೆ ಹೊರಗೆ ಹೋಗಲೇಬೇಕು.

ಕೆಂಡ ಇಟ್ಟ ಕೋಣೆಯಲ್ಲಿ ಯಾರಾದರೂ ತಲೆನೋವು, ತಲೆ ಸುತ್ತು ಅಂದರೆ, ಎಬ್ಬಿಸಿದರೂ ಏಳದಿದ್ದರೆ, ಮೊದಲು ಬಾಗಿಲು ತೆಗೆಯಿರಿ. ಅವರನ್ನು ಹೊರಗಿನ ಗಾಳಿಗೆ ಎಳೆದು ತನ್ನಿ. ತಕ್ಷಣ 108ಕ್ಕೆ ಫೋನ್ ಮಾಡಿ. ಕೋಣೆಯಲ್ಲಿ ಕೆಂಡ ಇತ್ತು ಅಂತ ಡಾಕ್ಟರಿಗೆ ಮರೆಯದೆ ಹೇಳಿ.

ಈಗ ಕಡಿಮೆ ಖರ್ಚಿನ ದಾರಿ ನೋಡೋಣ. ಮೊದಲು ತೂತು ಮುಚ್ಚಬೇಕು. ಕಾವು ಕೊಡೋದು ಆಮೇಲೆ.

ಮಾಡಿನಿಂದ ಶುರು ಮಾಡೋಣ. ಹಳೆ ಗೋಣಿಚೀಲ ಬಿಚ್ಚಿ, ಒಂದಕ್ಕೊಂದು ಸೇರಿಸಿ ಹೊಲಿಯಿರಿ. ಅದನ್ನು ಹೆಂಚಿನ ಕೆಳಗೆ, ತೊಲೆಯಿಂದ ತೊಲೆಗೆ ಬಿಗಿಯಾಗಿ ಕಟ್ಟಿ. ಗೋಣಿಗೂ ಹೆಂಚಿಗೂ ನಡುವೆ ಗೇಣು ಜಾಗ ಇರಲಿ. ಆ ನಡುವಿನ ಗಾಳಿಯೇ ಕಂಬಳಿ ಇದ್ದ ಹಾಗೆ. ಬಿದಿರು ಚಾಪೆ ಸಿಕ್ಕರೆ ಇನ್ನೂ ಒಳ್ಳೇದು. ತಗಡಿನ ಮಾಡಿದ್ದರಂತೂ ಇದು ಬೇಕೇ ಬೇಕು. ತಗಡು ರಾತ್ರಿ ಬಹಳ ತಣ್ಣಗಾಗಿ ಹನಿ ಬೇರೆ ತೊಟ್ಟಿಕ್ಕುತ್ತದೆ. ಒಂದು ಎಚ್ಚರಿಕೆ: ಗೋಣಿಯ ಹತ್ತಿರ ದೀಪ ಇಡಬಾರದು.

ಬಾಗಿಲ ಕೆಳಗಿನ ಸಂದಿಗೆ ಹಳೆ ಸೀರೆಯ ಉದ್ದ ಚೀಲ ಹೊಲಿದು, ಭತ್ತದ ಹೊಟ್ಟು ತುಂಬಿ ಇಡಿ. ಬಾಗಿಲಿಗೆ ಒಳಗಿಂದ ಕಂಬಳಿ ಇಳಿಬಿಡಿ. ಗೋಡೆಯ ಬಿರುಕಿಗೆ ಮಣ್ಣು ಸಗಣಿ ಕಲಸಿ ಮೆತ್ತಿ.

ಎಲ್ಲಾ ಮುಚ್ಚಿದಿರಾ? ಗೋಡೆಯ ಮೇಲುಗಡೆ ಅಂಗೈ ಅಗಲದ ಒಂದು ಕಿಂಡಿ ಮಾತ್ರ ಬಿಡಿ. ಅದು ಮಲಗುವವರ ಉಸಿರಿಗೆ. ಕೆಂಡ ಇಟ್ಟರೆ ಈ ಕಿಂಡಿ ಏನೇನೂ ಸಾಲದು. ಸಂದಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡೋದು ಮೊದಲಿಗಿಂತ ಹೆಚ್ಚು ಅಪಾಯ. ಇದನ್ನ ಮನೆಯವರಿಗೆಲ್ಲ ಹೇಳಿಯೇ ಸಂದಿ ಮುಚ್ಚಿ.

ನೆಲವೂ ಕಾವು ಎಳೆಯುತ್ತದೆ. ಗೋಣಿಚೀಲಕ್ಕೆ ಒಣಹುಲ್ಲು ತುಂಬಿ, ಅದರ ಮೇಲೆ ಚಾಪೆ, ಅದರ ಮೇಲೆ ಕೌದಿ. ಮೇಲೆ ಎರಡು ಹೊದಿಕೆ ಹೊದ್ದು ಬರೀ ನೆಲದಲ್ಲಿ ಮಲಗೋದಕ್ಕಿಂತ ಇದು ಬೆಚ್ಚಗೆ.

ಇನ್ನು ಕಾವು ಎಲ್ಲಿಂದ? ನಮ್ಮ ಬಚ್ಚಲ ಹಂಡೆಯಿಂದ. ಕಾವು ಹಿಡಿದಿಡೋದರಲ್ಲಿ ನೀರು ಕಲ್ಲು, ಇಟ್ಟಿಗೆಗಿಂತ ಮೇಲು. ಹತ್ತು ಲೀಟರ್ ಕುದಿನೀರು ಕೋಣೆಯಲ್ಲಿ ಆರುವಾಗ ಬಿಡುವ ಕಾವು ಎಷ್ಟು ಗೊತ್ತೇ? 1000 ವ್ಯಾಟಿನ ಕರೆಂಟು ಹೀಟರ್ ಮುಕ್ಕಾಲು ಗಂಟೆ ಉರಿದಷ್ಟು. ಭದ್ರವಾಗಿ ಮುಚ್ಚಿದ ಪಾತ್ರೆಯಲ್ಲಿ ಬಿಸಿನೀರು ತಂದು ಮೂಲೆಯಲ್ಲಿಡಿ. ಮಕ್ಕಳು ಓಡಾಡೋ ಮನೆಯಾದರೆ ಇದು ಬೇಡ, ಮೈ ಬೆಂದೀತು. ಅಂಥಲ್ಲಿ ಗಟ್ಟಿ ಮುಚ್ಚಳದ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಮಲಗೋ ಅರ್ಧ ಗಂಟೆ ಮುಂಚೆ ಹಾಸಿಗೆಯೊಳಗೆ ಇಡಿ. ಅತ್ತೆಯ ಕಾಲ ಬಳಿ ಬಟ್ಟೆ ಸುತ್ತಿಯೇ ಇಡಿ. ಮಗುವಿನ ಹಾಸಿಗೆಯಿಂದ ಮಾತ್ರ ತೆಗೆದೇ ಮಗು ಮಲಗಿಸಿ. ಹಿತ್ತಲ ಕೋಣೆಯೂ ಬಚ್ಚಲೂ ಒಂದೇ ಗೋಡೆಗೆ ಇದ್ದರೆ, ಹಂಡೆ ಒಲೆಯ ಗೋಡೆಗೆ ಹಾಸಿಗೆ ಹಾಕಿ. ಆದರೆ ಒಲೆ ಹೊಗೆ ಆ ಕಡೆಯೇ ಹೊರಗೆ ಹೋಗಬೇಕು. ಗೋಡೆಯಲ್ಲಿ ಬಿರುಕು ಇರಬಾರದು.

ಕರೆಂಟು ಹೀಟರ್ ಬಗ್ಗೆ ಲೆಕ್ಕ ಹಾಕೋಣ. 1000 ವ್ಯಾಟಿನ ಹೀಟರ್ ಒಂದು ಗಂಟೆ ಉರಿದರೆ 1 ಯೂನಿಟ್. ರಾತ್ರಿ 8 ಗಂಟೆಗೆ 8 ಯೂನಿಟ್. 30 ದಿನಕ್ಕೆ 240 ಯೂನಿಟ್. ಕರ್ನಾಟಕದಲ್ಲಿ 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಹೀಟರ್ ಒಂದೇ ಆ ಗಡಿ ದಾಟಿಸಿಬಿಡುತ್ತದೆ. ಇನ್ನೊಂದು ಮಾತು. ಮನೆಯಿಂದ ಹಿತ್ತಲಿಗೆ ತೆಳು ವೈರು ಎಳೆದು ಹೀಟರ್ ಹಾಕೋದು ಬೇಡ. ವೈರು ಕಾದು ಬೆಂಕಿ ಹತ್ತುತ್ತದೆ.

ಹಸುಗೂಸಿಗೆ ಎಲ್ಲಕ್ಕಿಂತ ಒಳ್ಳೆ ಕಾವು ತಾಯಿಯ ಮೈಯದು. ಮಗುವಿಗೆ ಟೋಪಿ ಹಾಕಿ, ಬರಿ ಎದೆಗೆ ಅವುಚಿಕೊಂಡು, ಮೇಲೆ ಹೊದಿಕೆ ಹೊದೆಯಬೇಕು. ಇದಕ್ಕೆ ಕಾಂಗರೂ ಆರೈಕೆ ಅಂತಾರೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದ ಆಸ್ಪತ್ರೆಯಲ್ಲಿ ಇದು ಶುರುವಾಯಿತು. ಈಗ ನಮ್ಮ ಆಸ್ಪತ್ರೆಗಳಲ್ಲೂ ಕಲಿಸುತ್ತಾರೆ.

ಮಗುವಿಗೆ ಚಳಿ ಆಗಿದೆಯೇ ಅಂತ ಹೇಗೆ ತಿಳಿಯೋದು? ಅಂಗೈ ಹಿಂಭಾಗದಿಂದ ಮಗುವಿನ ಹೊಟ್ಟೆ ಮುಟ್ಟಿ, ಪಾದ ಮುಟ್ಟಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ಆಗಿದೆ, ಎದೆಗೆ ಅವುಚಿಕೊಳ್ಳಿ. ಎರಡೂ ತಣ್ಣಗಿದ್ದರೆ ಅಪಾಯ. ಎದೆಗೆ ಅವುಚಿಕೊಂಡೇ ಆಸ್ಪತ್ರೆಗೆ ಹೊರಡಿ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಮಗುವಿನ ಜೊತೆ ಕೋಣೆಯನ್ನೂ ತೋರಿಸಿ.

ಬೆಳಿಗ್ಗೆ ಬಿಸಿಲು ಬಂದ ಮೇಲೆ ಬಾಗಿಲು ಕಿಟಕಿ ತೆರೆಯಿರಿ. ಹುಲ್ಲಿನ ಚೀಲ, ಕೌದಿ ಬಿಸಿಲಿಗೆ ಹಾಕಿ. ತೇವ ಇದ್ದರೆ ಅದರಲ್ಲಿ ಕಾವು ನಿಲ್ಲೋದಿಲ್ಲ. ಸಂಜೆ ಬಿಸಿಲು ಇಳಿಯೋ ಮುಂಚೆ ಒಳಗೆ ತನ್ನಿ.

ಲೆಕ್ಕ ಮಾಡಿ, ಬರೆಯಿರಿ:
500 ವ್ಯಾಟಿನ ಹೀಟರ್ ರಾತ್ರಿ 6 ಗಂಟೆ ಉರಿದರೆ ಎಷ್ಟು ಯೂನಿಟ್? 30 ದಿನಕ್ಕೆ ಎಷ್ಟು?
ನಿಮ್ಮ ಹಿತ್ತಲ ಕೋಣೆಯಲ್ಲಿ ಗಾಳಿ ನುಗ್ಗುವ ಜಾಗ ಎಷ್ಟಿವೆ? ಎಣಿಸಿ.