ಇಂದಿನ ಧಮ್ಮ ಚಿಂತನೆ: ಕಣ್ಣು ಮಂದವಾದ ಹಿರಿಯರ ಮನಸ್ಸು



ಹೋದ ವರ್ಷಾವಾಸದಲ್ಲಿ ನಮ್ಮ ಮನೆಯ ಪಡಸಾಲೆಯಲ್ಲೇ ಅಧ್ಯಯನ ನಡೆಯುತ್ತಿತ್ತು, ನೆನಪಿದೆಯಲ್ಲ? ಧಮ್ಮಪದದ ಮೊದಲ ಗಾಥೆಗೆ ಅಟ್ಠಕಥೆ ಹೇಳುವ ಚಕ್ಖುಪಾಲ ಥೇರರ ಕಥೆಯನ್ನು ಅಂದು ಓದಿದೆವು. ಎರಡೂ ಕಣ್ಣು ಕಳೆದುಕೊಂಡಿದ್ದ ಥೇರರು ಚಂಕ್ರಮಣ ಮಾಡುವಾಗ ಕಾಲಡಿಗೆ ಸಿಕ್ಕಿ ಹುಳುಗಳು ಸತ್ತವು. ಭಿಕ್ಖುಗಳು ದೂರು ತಂದರು. ಅವರಿಗೆ ಹುಳು ಕಾಣಲಿಲ್ಲ, ಕೊಲ್ಲುವ ಉದ್ದೇಶವೂ ಇರಲಿಲ್ಲ, ಆದ್ದರಿಂದ ದೋಷವಿಲ್ಲ ಎಂದರು ತಥಾಗತರು. ಇಲ್ಲಿಯವರೆಗೆ ಸರಿ. ಆದರೆ ಅಟ್ಠಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಥೇರರು ಹಿಂದಿನ ಜನ್ಮದಲ್ಲಿ ವೈದ್ಯರಾಗಿದ್ದಾಗ ಒಬ್ಬ ಹೆಂಗಸಿನ ಕಣ್ಣು ಕೆಡಿಸಿದ್ದರು, ಅದರ ಫಲ ಇದು ಎನ್ನುತ್ತದೆ. ಹೊತ್ತಾಗಿತ್ತು, ಏನೂ ವಿವರಿಸದೆ ಪುಸ್ತಕ ಮುಚ್ಚಿದೆ.

ಒಳಕೋಣೆಯಲ್ಲಿ ಮಲಗಿದ್ದ ಅವ್ವ ಎಲ್ಲ ಕೇಳಿಸಿಕೊಂಡಿದ್ದಳು. ರಾತ್ರಿ ಊಟಕ್ಕೆ ಕರೆದಾಗ ಕೇಳಿದಳು: "ನಾನು ಯಾರ ಕಣ್ಣ ಕಳ್ದಿದ್ನೋ ಮಗಾ?"

ಅವ್ವನಿಗೆ ಈಗ 74. ಅಕ್ಷಿಪಟಲದ ನಡುಭಾಗ ವಯಸ್ಸಿನಿಂದ ಸವೆದಿದೆ. ಪೊರೆ ಬಂದಿದ್ದರೆ ಆಪರೇಷನ್ ಮಾಡಿಸಿ ತೆಗೆಸಬಹುದಿತ್ತು, ಇದು ಹಾಗಲ್ಲ. ಅಂಚು ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ಬಾಗಿಲು ಕಾಣುತ್ತದೆ, ಬಾಗಿಲಲ್ಲಿ ನಿಂತವರ ಮುಖ ಕಾಣುವುದಿಲ್ಲ.

ಅಂದು ನಾನು ಹೇಳಬೇಕಿದ್ದದ್ದು ಸಂಯುತ್ತ ನಿಕಾಯದ ಸೀವಕ ಸುತ್ತದಲ್ಲಿದೆ. ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲವೇ ಎಂಬ ಮಾತನ್ನು ಬುದ್ಧರು ಅಲ್ಲಿ ಒಪ್ಪುವುದಿಲ್ಲ. ಪಿತ್ತ, ಕಫ, ವಾತ, ಋತುಗಳ ಬದಲಾವಣೆ ಎಂದು ಕಾರಣಗಳನ್ನು ಎಣಿಸುತ್ತಾರೆ. ಕರ್ಮವೂ ಆ ಪಟ್ಟಿಯಲ್ಲಿದೆ, ಕೊನೆಯಲ್ಲಿ. ಬಾಬಾಸಾಹೇಬರು ತಮ್ಮ ಪರಿನಿಬ್ಬಾಣದ ನಂತರ 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ, ಪೂರ್ವಜನ್ಮದ ಕರ್ಮ ಈ ಜನ್ಮವನ್ನು ನಿರ್ಧರಿಸುತ್ತದೆ ಎಂಬುದು ಬುದ್ಧರ ಮಾತೇ ಅಲ್ಲ ಎಂದು ವಾದಿಸಿದರು. ನಮ್ಮ ಹುಟ್ಟನ್ನೇ ಕರ್ಮಫಲ ಎಂದು ಹೇಳಿಸಿಕೊಂಡು ಬಂದವರು ನಾವು. ಆ ಮಾತು ಯಾವ ಬಾಗಿಲಿಂದ ಬಂದರೂ ನಾನು ಗುರುತಿಸಬೇಕಿತ್ತು.

ಆದರೆ ಅವ್ವನ ಮನಸ್ಸು ಕುಸಿಯಲು ಶುರುವಾಗಿದ್ದು ಆ ಕಥೆಯಿಂದಲ್ಲ. ಅದಕ್ಕೂ ಮುಂಚೆ ಮನೆಯವರೇ ಅದಕ್ಕೆ ದಾರಿ ಮಾಡಿದ್ದೆವು, ಅದೂ ಪ್ರೀತಿಯಿಂದ. ಕೈಯಲ್ಲಿದ್ದ ಮೊರ ತೆಗೆದುಕೊಂಡೆವು. ಒಲೆ ಹತ್ತಿರ ಬರಬೇಡ ಎಂದೆವು. ಬೀದಿ ಕೊನೆಯ ಅಂಗಡಿಗೆ ಹೋಗಬೇಡ ಎಂದೆವು. "ನೀನು ಸುಮ್ಮನೆ ಕೂತಿರವ್ವ" ಎಂದು ದಿನಕ್ಕೆ ಎಷ್ಟು ಸಲ ಹೇಳಿದೆನೋ! ಮೂರು ತಿಂಗಳಲ್ಲಿ ಅವ್ವ ಕೂರುವುದನ್ನೂ ಬಿಟ್ಟು ಮಲಗಿದಳು. ಅರ್ಧ ಮುದ್ದೆ ತಟ್ಟೆಯಲ್ಲೇ ಉಳಿಯುತ್ತಿತ್ತು. ವಿಹಾರಕ್ಕೆ ಬರುವುದು ನಿಂತಿತು.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಇದೇ ಕಣ್ಣಿನ ತೊಂದರೆಯಿದ್ದ 188 ಹಿರಿಯರೊಡನೆ ನಡೆಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಗಿದೆ. ಅವರ ಮನಸ್ಸು ಕುಗ್ಗತೊಡಗಿತ್ತು, ಪೂರ್ಣ ಖಿನ್ನತೆ ಇನ್ನೂ ಬಂದಿರಲಿಲ್ಲ. ಉಳಿದಷ್ಟು ದೃಷ್ಟಿಯನ್ನು ಬಳಸಿಕೊಳ್ಳುವ ನೆರವು ಎಲ್ಲರಿಗೂ ಸಿಕ್ಕಿತು. ಒಂದು ಗುಂಪಿನವರ ಮನೆಗೆ ತರಬೇತಿ ಪಡೆದವರು ಆರು ಸಲ ಹೋಗಿ, ಬಿಟ್ಟುಹೋದ ಯಾವ ಕೆಲಸ ನಿಮಗೆ ಮತ್ತೆ ಬೇಕು ಎಂದು ಕೇಳಿ, ಅದನ್ನು ಸಣ್ಣ ಸಣ್ಣ ಹೆಜ್ಜೆಯಾಗಿ ಒಡೆದು ಮಾಡಿಸಿದರು. ಇನ್ನೊಂದು ಗುಂಪಿನವರ ಜೊತೆ ಕೂತು ಸಹಾನುಭೂತಿಯಿಂದ ಮಾತಾಡಿದರು, ಅಷ್ಟೇ. ನಾಲ್ಕು ತಿಂಗಳ ಮೇಲೆ ನೋಡಿದರೆ, ಮಾತಿನ ಗುಂಪಿನಲ್ಲಿ 100ಕ್ಕೆ ಸುಮಾರು 23 ಜನ ಖಿನ್ನತೆಗೆ ಜಾರಿದ್ದರು. ಕೆಲಸಕ್ಕೆ ಮರಳಿದವರಲ್ಲಿ ಸುಮಾರು 13.

ಇದನ್ನು ಓದಿದ ಮೇಲೆ ನಾನೂ ಅವ್ವನನ್ನು ಕೇಳಿದೆ. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ, "ಅವರೆಕಾಯಿ ಕಾಲ ಬಂತಾ?" ಎಂದಳು. ಎರಡು ಕೆ.ಜಿ. ತಂದು ಮುಂದೆ ಸುರಿದೆ. ತಪ್ಪಾಯಿತು. ರಾಶಿ ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದಳು. ಮಾರನೆಯ ದಿನ ಒಂದು ಬೊಗಸೆ ಎಡಕ್ಕೆ, ಕಾಳಿಗೆ ಪಾತ್ರೆ ಬಲಕ್ಕೆ, ಸಿಪ್ಪೆಗೆ ಮಡಿಲು. ಅರ್ಧ ಗಂಟೆಯಲ್ಲಿ ಇನ್ನೊಂದು ಬೊಗಸೆ ಕೇಳಿದಳು. ಹುಳುಕು ಕಾಯನ್ನು ಅವಳ ಬೆರಳು ನಮ್ಮ ಕಣ್ಣಿಗಿಂತ ಬೇಗ ಹಿಡಿಯುತ್ತದೆ. ಈಗ ಸೊಪ್ಪು ಬಿಡಿಸುವುದು, ಹೂ ಕಟ್ಟುವುದು ಅವಳದೇ. ಅನ್ನಕ್ಕೆ ಕಡುನೀಲಿ ತಟ್ಟೆ ತಂದಿದ್ದೇವೆ. ಬಿಳಿ ಅನ್ನ ಬಿಳಿ ತಟ್ಟೆಯಲ್ಲಿ ಅವಳಿಗೆ ಕಾಣುತ್ತಿರಲಿಲ್ಲ. ಊಟ ಬಿಡುತ್ತಿದ್ದುದಕ್ಕೆ ಅದೂ ಒಂದು ಕಾರಣವಿತ್ತೇನೋ, ನಾವು ಕೇಳಿರಲೇ ಇಲ್ಲ.

ಇನ್ನೊಂದು ವಿಷಯ. ಸಂಜೆ ಹೊತ್ತು ಗೋಡೆಯ ಮೇಲೆ ಬಣ್ಣದ ಹೂಬಳ್ಳಿ, ಒಮ್ಮೊಮ್ಮೆ ಪುಟ್ಟ ಮಕ್ಕಳು ಕಾಣುತ್ತಾರೆ ಎಂದು ಅವ್ವ ಹೆದರಿದ್ದಳು. ಪಕ್ಕದವರು ಗಾಳಿ ಸೋಕಿದೆ ಎಂದು ತಾಯಿತದ ಮಾತೆತ್ತಿದರು. ಕಣ್ಣಿನ ಡಾಕ್ಟರು ಹೇಳಿದ್ದು ಬೇರೆ: ಇದಕ್ಕೆ ಚಾರ್ಲ್ಸ್ ಬಾನೆ ಸಿಂಡ್ರೋಮ್ ಎಂದು ಹೆಸರು. ಕಣ್ಣಿಂದ ಸುದ್ದಿ ಬರದಾಗ ಮೆದುಳು ತಾನೇ ಚಿತ್ರ ಕಟ್ಟುತ್ತದೆ. ಹುಚ್ಚಲ್ಲ, ದೆವ್ವವಲ್ಲ. ಇದನ್ನು ತಿಳಿಸಿದಾಗ ಅವ್ವ, "ಹಂಗಾರೆ ಹೂವ ಇರ್ಲಿ ಬುಡು" ಎಂದಳು. ನಿಮ್ಮ ಹಿರಿಯರು ಇಂಥದ್ದನ್ನು ಮುಚ್ಚಿಟ್ಟುಕೊಂಡಿರಬಹುದು. ಮೆತ್ತಗೆ ಕೇಳಿ, ಡಾಕ್ಟರಿಗೆ ತಿಳಿಸಿ.

ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಕೆಟ್ಟಿದೆ, ನಾನು ಇದ್ದೇನು ಎನ್ನುವ ಮಾತು ಬರುತ್ತಿದೆ ಎಂದರೆ ವಯಸ್ಸಾಯಿತು ಎಂದು ತಳ್ಳಿಹಾಕಬೇಡಿ. ಅದಕ್ಕೆ ಚಿಕಿತ್ಸೆ ಇದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ವಿಹಾರದಲ್ಲಿ ಜೈ ಭೀಮ್ ಎಂದರೂ ಅವ್ವ ತಿರುಗಿ ನೋಡುವುದಿಲ್ಲ, ಜಂಬ ಬಂದಿದೆ ಎಂದು ಕೆಲವರು ಅಂದುಕೊಂಡಿದ್ದರಂತೆ. ಅವಳಿಗೆ ದನಿ ಕೇಳುತ್ತದೆ, ಯಾರದೆಂದು ತಿಳಿಯುವುದಿಲ್ಲ. ಈ ಭಾನುವಾರದ ತ್ರಿಶರಣ ಪಂಚಶೀಲವನ್ನು ಅವಳೇ ಹೇಳಿಕೊಡುತ್ತಾಳೆ. 30 ವರ್ಷದ ಬಾಯಿಪಾಠ, ಅದಕ್ಕೆ ಕಣ್ಣು ಬೇಡ. ಬಂದವರು ಹತ್ತಿರ ಹೋಗಿ ನಿಮ್ಮ ಹೆಸರು ಹೇಳಿ ಮಾತಾಡಿಸಿ, ಹೊರಡುವಾಗ ಹೊರಟೆ ಎಂದು ಹೇಳಿ. ಕಣ್ಣು ಮಂದವಾಗಿ ಮನೆಯಲ್ಲೇ ಉಳಿದ ಹಿರಿಯರಿದ್ದರೆ ಕರೆತನ್ನಿ. ಆಟೋ ಬೇಕಿದ್ದವರು ಶನಿವಾರ ಸಂಜೆಯೊಳಗೆ ಗುಂಪಿನಲ್ಲಿ ತಿಳಿಸಿ.

ನಮೋ ಬುದ್ಧಾಯ. ಜೈ ಭೀಮ್.